ಸಿ-ರೋಡ್ಸ್: ಪರಿಸರ ರಾಜಕೀಯ ಕಲಿಸೋರಿಗೆ ಒಳ್ಳೆ ಸಾಧನ

ಜಾಗತಿಕ ಪರಿಸರ ರಾಜಕೀಯ ಪಾಠ ಮಾಡುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆಯ ಸಿ-ರೋಡ್ಸ್ ಅನ್ನುವ ಹವಾಮಾನ ಲೆಕ್ಕಾಚಾರದ ಕಂಪ್ಯೂಟರ್ ಮಾದರಿ, ಜೊತೆಗೆ ಅದನ್ನಿಟ್ಟುಕೊಂಡು ಆಡಿಸುವ ‘ವರ್ಲ್ಡ್ ಕ್ಲೈಮೇಟ್’ ಆಟ. ಪೂರ್ತಿ ಉಚಿತ, ಬ್ರೌಸರ್‌ನಲ್ಲೇ ತೆರೆಯುತ್ತದೆ.

ವಿದ್ಯಾರ್ಥಿಗಳು ಅಮೆರಿಕ, ಯುರೋಪಿಯನ್ ಒಕ್ಕೂಟ, ಚೀನಾ, ಭಾರತ ಹೀಗೆ ಗುಂಪು ಗುಂಪಾಗಿ ಕೂರುತ್ತಾರೆ. ನಮ್ಮ ಇಂಗಾಲದ ಹೊಗೆ ಯಾವ ವರ್ಷ ಏರುವುದು ನಿಲ್ಲುತ್ತದೆ, ಯಾವಾಗಿಂದ ಇಳಿಯುತ್ತದೆ, ವರ್ಷಕ್ಕೆ ಶೇಕಡಾ ಎಷ್ಟು, ಕಾಡು ಕಡಿಯುವುದನ್ನು ಎಷ್ಟು ತಡೆಯುತ್ತೇವೆ ಅಂತ ಪ್ರತಿ ಗುಂಪೂ ಮಾತು ಕೊಡಬೇಕು. ಅಂಕಿಗಳನ್ನು ತುಂಬಿದ ಕೂಡಲೇ 2100ಕ್ಕೆ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ ಪರದೆ ಮೇಲೆ ಬರುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಜಿಪುಣರೇ. ಬಿಸಿ 2 ಡಿಗ್ರಿಗಿಂತ ಹೆಚ್ಚು ಏರಬಾರದು ಅನ್ನುವ ಗುರಿ ಎಷ್ಟು ದೂರ ಇದೆ ಅಂತ ಪರದೆಯ ಗೆರೆ ನೋಡಿದಾಗಲೇ ನಿಜವಾದ ಜಗಳ ಶುರು. ಬಡ ದೇಶಗಳ ಗುಂಪನ್ನು ನೆಲದ ಮೇಲೆ ಕೂರಿಸಿ, ಶ್ರೀಮಂತರಿಗೆ ಮೇಜು, ತಿಂಡಿ ಕೊಡುವ ಪದ್ಧತಿಯೂ ಈ ಆಟದಲ್ಲಿದೆ. ಅದನ್ನು ಬಿಡಬೇಡಿ, ನ್ಯಾಯದ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ.

ಆದರೆ ಇದೊಂದೇ ಸಾಲದು. ಸಂಸತ್ತು, ಚುನಾವಣೆ, ಕಲ್ಲಿದ್ದಲು ಕಂಪನಿಗಳ ಒತ್ತಡ ಇವೆಲ್ಲ ಲೆಕ್ಕದೊಳಗೆ ಬರುವುದಿಲ್ಲ ಅಲ್ವಾ? ಅದಕ್ಕೇ ಜೊತೆಗೆ ಓಝೋನ್ ಪದರ ಉಳಿಸಲು ಆದ 1987ರ ಮಾಂಟ್ರಿಯಲ್ ಒಪ್ಪಂದವನ್ನೂ ಓದಿಸಿ. ಅಲ್ಲಿ ಬಡ ದೇಶಗಳಿಗೆ ನಿಧಿ 1990ರಲ್ಲಿ ಸೇರಿತು, ಹೊರಗುಳಿದವರ ಜೊತೆ ವ್ಯಾಪಾರಕ್ಕೆ ಕಡಿವಾಣ ಇತ್ತು. ಹವಾಮಾನದ ಬಗೆಗಿನ 2015ರ ಪ್ಯಾರಿಸ್ ಒಪ್ಪಂದದಲ್ಲಿ ಗುರಿ ಎಷ್ಟಿರಬೇಕು ಅಂತ ಆಯಾ ದೇಶವೇ ತೀರ್ಮಾನಿಸುತ್ತದೆ. ಈ ವ್ಯತ್ಯಾಸದ ಮೇಲೆ ಚರ್ಚೆಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ.