ಬೋರ್‌ವೆಲ್ ಕೇಬಲ್ ಇಳಿಸುವ ಮೊದಲು ಎಳೆ ಅಳೆದು ನೋಡಿ

ಬೋರ್‌ವೆಲ್ ಮೋಟರ್ ಪದೇ ಪದೇ ಸುಡುತ್ತಿದ್ದರೆ ಮೋಟರ್ ಕಂಪನಿಯನ್ನೋ ಲೋ ವೋಲ್ಟೇಜನ್ನೋ ಬೈಯುವ ಮೊದಲು ಕೇಬಲ್ ನೋಡಿ. ನಮಗೆ ಇದು ಗೊತ್ತಾಗುವಷ್ಟರಲ್ಲಿ ತುಂಬಾ ದುಡ್ಡು ಹೋಗಿತ್ತು, ಬೆಳೆಯೂ ಹೋಗಿತ್ತು.

ನಮ್ಮದು ಚನ್ನಗಿರಿ ಕಡೆ ಅಡಿಕೆ ತೋಟ. ಹಳೆ ಬೋರು ಬತ್ತಿ ಹೊಸದು ಕೊರೆಸಿದೆವು. 5 ಎಚ್‌ಪಿ ತ್ರೀ ಫೇಸ್ ಮೋಟರ್, 650 ಅಡಿಗೆ ಬಿಟ್ಟರು. ಮೋಟರ್, ಪೈಪು, ಕೇಬಲ್ ಎಲ್ಲ ಒಂದೇ ಅಂಗಡಿಯದು. ಇಳಿಸಿದವರೂ ಅವರ ಕಡೆಯವರೇ. ಕೇಬಲ್ ಎಷ್ಟು ದಪ್ಪ ಬೇಕು ಎಂದು ಕೇಳಿದ್ದಕ್ಕೆ, "5 ಎಚ್‌ಪಿಗೆ 2.5 ಸ್ಕ್ವೇರ್, ಎಲ್ಲರಿಗೂ ಅದೇ ಕೊಡೋದು" ಅಂದರು. ಸ್ಕ್ವೇರ್ ಅಂದರೆ ತಂತಿಯೊಳಗಿನ ತಾಮ್ರದ ಅಡ್ಡ ಕೊಯ್ತದ ವಿಸ್ತೀರ್ಣ, ಚದರ ಎಂಎಂ ಲೆಕ್ಕದಲ್ಲಿ. ಬಿಲ್ಲಿನಲ್ಲೂ ಕೇಬಲ್ ಮೇಲೂ 2.5 ಎಂದೇ ಇತ್ತು.

ಬೇಸಿಗೆ ಏರುತ್ತಿದ್ದ ಹಾಗೆ ಸ್ಟಾರ್ಟರ್ ಟ್ರಿಪ್ ಆಗತೊಡಗಿತು. ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಸ್ಟಾರ್ಟರ್‌ನಲ್ಲಿ ಇರುತ್ತದೆ. ನೋಡಲು ಬಂದ ಹುಡುಗ ಅದನ್ನು ತಿರುಗಿಸಿ 14 ಆಂಪ್‌ಗೆ ಇಟ್ಟ. ಮೋಟರ್ ಪ್ಲೇಟ್ ಮೇಲೆ ಇದ್ದದ್ದು 10 ಆಂಪ್. "ಇನ್ನು ಟ್ರಿಪ್ ಆಗಲ್ಲ" ಎಂದು ಹೇಳಿ ಹೋದ. ಆಗಲೂ ಇಲ್ಲ. ಮೋಟರ್ ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಸುಟ್ಟುಹೋಯಿತು. ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಬಿಟ್ಟೆವು. ಮತ್ತೆ ಸುಟ್ಟಿತು. ಎತ್ತುವ ಕೂಲಿ, ಬಿಡುವ ಕೂಲಿ, ವೈಂಡಿಂಗ್ ಖರ್ಚು ಹೇಗೋ ಹೊಂದಿಸಬಹುದು. ನೀರಿಲ್ಲದೆ ಎಳೆ ಅಡಿಕೆ ಉದುರಿದ್ದನ್ನು ಯಾರು ತುಂಬಿಕೊಡುತ್ತಾರೆ?

ಕೊನೆಗೆ ಪಕ್ಕದೂರಿನ ನಿವೃತ್ತ ಐಟಿಐ ಮೇಷ್ಟ್ರನ್ನು ಕರೆಸಿದೆವು. ಅವರು ಮೋಟರ್ ಕಡೆ ತಿರುಗಿಯೂ ನೋಡಲಿಲ್ಲ. ಉಳಿದಿದ್ದ ಕೇಬಲ್ ತುಂಡು ಸುಲಿದು ಎಳೆ ಎಣಿಸಿದರು. 36 ಎಳೆ. ಲೆಕ್ಕ ಸರಿಯಾಗೇ ಇತ್ತು. ಆಮೇಲೆ ಒಂದು ಎಳೆಯನ್ನು ಸ್ಕ್ರೂಗೇಜ್‌ನಲ್ಲಿ ಹಿಡಿದರು. 0.25 ಎಂಎಂ. ನಮ್ಮಲ್ಲಿ ಸಿಗುವ 2.5 ಸ್ಕ್ವೇರ್ ಕೇಬಲ್‌ನಲ್ಲಿ 36 ಎಳೆ ಇದ್ದರೆ ಪ್ರತಿ ಎಳೆ 0.30 ಎಂಎಂ ಇರಬೇಕು.

0.05 ಎಂಎಂ ಅಂದರೆ ಏನೂ ಅಲ್ಲ ಅನಿಸುತ್ತದೆ ಅಲ್ವಾ? ಮೋಸ ಅಡಗಿರುವುದೇ ಅಲ್ಲಿ. ಕರೆಂಟ್ ಹರಿಯಲು ಬೇಕಾದದ್ದು ತಂತಿಯ ಅಡ್ಡ ಕೊಯ್ತದ ವಿಸ್ತೀರ್ಣ. ಅಡ್ಡಳತೆ ಅರ್ಧ ಆದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ, ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ನಾಲ್ಕು ಪಟ್ಟು ಏರುತ್ತದೆ. ನಮ್ಮ ಕೇಬಲ್‌ನಲ್ಲಿ 0.30 ಇರಬೇಕಾದ ಕಡೆ 0.25 ಇದ್ದುದರಿಂದ ತಾಮ್ರ ಶೇ. 30ರಷ್ಟು ಕಮ್ಮಿ. 2.5 ಎಂದು ದುಡ್ಡು ತೆಗೆದುಕೊಂಡು ಕೊಟ್ಟದ್ದು 1.8 ಸ್ಕ್ವೇರ್ ಕೂಡ ಇರಲಿಲ್ಲ. ಮೇಲಿನ ಪಿವಿಸಿ ಮಾತ್ರ ದಪ್ಪ. ಕೈಯಲ್ಲಿ ಹಿಡಿದರೆ ಗಟ್ಟಿ ಕೇಬಲ್ ಅಂತಲೇ ಅನಿಸುತ್ತಿತ್ತು.

ಇನ್ನು ಉದ್ದ. ಅಂಗಡಿಯಲ್ಲಿ ಎಚ್‌ಪಿ ಕೇಳಿದರೇ ಹೊರತು ಆಳ ಎಷ್ಟು, ಸ್ಟಾರ್ಟರ್ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ. ತಂತಿ ಉದ್ದ ಆದಷ್ಟೂ ರೆಸಿಸ್ಟೆನ್ಸ್ ಜಾಸ್ತಿ. 200 ಅಡಿ ಬೋರಿಗೆ ಸಾಕಾಗುವ ತಂತಿ 650 ಅಡಿಗೆ ಸಾಲುವುದಿಲ್ಲ. ನಮ್ಮದು ಸ್ಟಾರ್ಟರ್‌ವರೆಗೆ ಸೇರಿ ಸುಮಾರು 220 ಮೀಟರ್. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿದರು: 10 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 35 ವೋಲ್ಟ್ ಹೋಗುತ್ತದೆ. 415 ಇರಬೇಕಾದ ಕಡೆ ನಮ್ಮ ಸ್ಟಾರ್ಟರ್‌ಗೇ 380 ಬರುತ್ತದೆ. ಅಂದರೆ ಕೆಳಗೆ ಮೋಟರ್‌ಗೆ 345. ಮೂರೂ ತಂತಿ ಸೇರಿ 700 ವ್ಯಾಟ್‌ಗಿಂತ ಜಾಸ್ತಿ ಸುಮ್ನೆ ಬಿಸಿಯಾಗಿ ಹೋಗುತ್ತಿತ್ತು. ಅದೇ ದೂರಕ್ಕೆ ಅಸಲಿ 4 ಸ್ಕ್ವೇರ್ ಹಾಕಿದ್ದರೆ ಹೋಗುತ್ತಿದ್ದದ್ದು 15 ವೋಲ್ಟ್, 6 ಸ್ಕ್ವೇರ್ ಆದರೆ 10.

ವೋಲ್ಟೇಜ್ ಕಮ್ಮಿಯಾದರೆ ಮೋಟರ್ ನಿಧಾನ ಓಡುತ್ತದೆ ಅಷ್ಟೇ ಎಂದುಕೊಂಡವರು ತುಂಬಾ ಜನ. ಹಾಗಲ್ಲ. ಎತ್ತಬೇಕಾದ ನೀರು ಅಷ್ಟೇ ಇರುತ್ತದೆ, ಅದಕ್ಕೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಹೆಚ್ಚಿದರೆ ಕೇಬಲ್‌ನಲ್ಲಿ ಇನ್ನಷ್ಟು ವೋಲ್ಟ್ ಬೀಳುತ್ತದೆ. 10 ಆಂಪ್ ಇದ್ದದ್ದು 12 ಆದರೆ ವೈಂಡಿಂಗ್ ಬಿಸಿ ಶೇ. 44ರಷ್ಟು ಏರುತ್ತದೆ. ಸ್ಟಾರ್ಟ್ ಆಗುವಾಗಲಂತೂ ಐದಾರು ಪಟ್ಟು ಕರೆಂಟ್ ಬೇಕು. ಆಗ ಸಣ್ಣ ತಂತಿಯಲ್ಲಿ ಮೋಟರ್ ಎದ್ದು ತಿರುಗಲಾರದೆ ಗುಂಯ್‌ಗುಡುತ್ತಾ ನಿಲ್ಲುತ್ತದೆ. ಟ್ರಿಪ್ ಆಗಿ ಮೋಟರ್ ಉಳಿಸುತ್ತಿದ್ದ ರಿಲೇಯನ್ನೇ ಆ ಹುಡುಗ ಕೆಲಸಕ್ಕೆ ಬಾರದಂತೆ ಮಾಡಿದ್ದ. ಇದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ ವಿಷಯ. ಯಾರಾದರೂ ರಿಲೇ ಏರಿಸಲು ಬಂದರೆ ದಯವಿಟ್ಟು ತಡೆಯಿರಿ. ಮೊದಲು ಟಾಂಗ್ ಟೆಸ್ಟರ್ ಹಾಕಿ ಮೂರೂ ಫೇಸ್‌ನ ಆಂಪ್ ಅಳೆಯಲು ಹೇಳಿ.

ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ ಇಲ್ಲ. ಹಾಗಾಗಿ ತಂತಿಯಲ್ಲಿ ಪೋಲಾಗುವ ಕರೆಂಟ್ ರೈತನ ಕಣ್ಣಿಗೆ ಬೀಳುವುದೇ ಇಲ್ಲ. ಮೋಟರ್ ಸುಟ್ಟಾಗಲೇ ಗೊತ್ತಾಗುವುದು.

ಕೇಬಲ್ ಕೊಳ್ಳುವಾಗ ಆಳ ಮತ್ತು ಸ್ಟಾರ್ಟರ್ ದೂರ ಎರಡನ್ನೂ ಹೇಳಿ, ಕೇಬಲ್ ಕಂಪನಿಯ ಉದ್ದ-ಎಚ್‌ಪಿ ಪಟ್ಟಿ ತೋರಿಸಿ ಎಂದು ಕೇಳಿ. ಅಂಗಡಿಯಲ್ಲೇ ತುದಿ ಸುಲಿಸಿ. 4 ಸ್ಕ್ವೇರ್‌ಗೆ ಸಾಮಾನ್ಯವಾಗಿ 0.30 ಎಂಎಂನ 56 ಎಳೆ, 6 ಸ್ಕ್ವೇರ್‌ಗೆ 84. ಬ್ಲೇಡಿನಿಂದ ಒಂದು ಎಳೆ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಆದರೆ ಅಷ್ಟೇ ದಪ್ಪಕ್ಕೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗಿಂತ ಜಾಸ್ತಿ. ಐಎಸ್‌ಐ ಗುರುತಿನ ಜೊತೆ ಇರುವ ಸಿಎಂ/ಎಲ್ ನಂಬರನ್ನು (ಲೈಸೆನ್ಸ್ ನಂಬರು) ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಆ ಲೈಸೆನ್ಸ್ ಯಾರದ್ದು ಎಂದು ಅಲ್ಲೇ ಬರುತ್ತದೆ. ಇದನ್ನೆಲ್ಲ ಕೇಬಲ್ ಕತ್ತರಿಸುವ ಮೊದಲೇ ಮಾಡಿ. ನಾವು ವಾಪಸ್ ಕೊಡಲು ಹೋದಾಗ "ಕತ್ತರಿಸಿದ ಮಾಲು ತಗೊಳ್ಳಲ್ಲ" ಎಂದುಬಿಟ್ಟರು.