ಶಿವಮೊಗ್ಗದ ತೀವ್ರ ನಿಗಾ ಘಟಕವೊಂದರ ಸೇವೆ: ಔಷಧದಾಚೆಯ ಆರೈಕೆ

ತೀರ್ಥಹಳ್ಳಿಯಿಂದ ಆಂಬುಲೆನ್ಸಿನಲ್ಲಿ ಕರೆತಂದ ನಮ್ಮ ತಂದೆಯವರಿಗೆ ಮೂತ್ರದ ಸೋಂಕು ರಕ್ತಕ್ಕೇರಿ ಸೆಪ್ಟಿಕ್ ಶಾಕ್ (ಸೋಂಕಿನಿಂದ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುವ ಸ್ಥಿತಿ) ಆಗಿತ್ತು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಅವರು 9 ದಿನ ಇದ್ದರು. ಆ್ಯಂಟಿಬಯೋಟಿಕ್ಕನ್ನು ಎಲ್ಲೆಡೆಯೂ ಕೊಡುತ್ತಾರೆ. ಇಲ್ಲಿ ನನಗೆ ಮೆಚ್ಚುಗೆಯಾದದ್ದು, ಕಲ್ಲು ಅಡ್ಡಗಟ್ಟಿ ಕೀವು ತುಂಬಿದ್ದ ಮೂತ್ರನಾಳಕ್ಕೆ ಅದೇ ರಾತ್ರಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಸೋಂಕಿನ ಮೂಲಕ್ಕೇ ಹೊರದಾರಿ ಮಾಡಿಕೊಟ್ಟದ್ದು ಮತ್ತು ವೆಂಟಿಲೇಟರಿನ ಪ್ರತಿ ಉಸಿರನ್ನು, ಎತ್ತರದಿಂದ ಲೆಕ್ಕಹಾಕಿದ ದೇಹತೂಕದ ಕಿಲೋಗೆ 6 ಮಿಲಿಲೀಟರಿಗೆ ಮಿತಗೊಳಿಸಿ, ಶ್ವಾಸಕೋಶ ಅತಿಯಾಗಿ ಹಿಗ್ಗದಂತೆ ಕಾಪಾಡಿದ್ದು. ಸಲೈನ್ ಏರಿಸುವ ಮುನ್ನ, ಅದರಿಂದ ಪ್ರಯೋಜನವಾದೀತೇ ಎಂದು ತಿಳಿಯಲು, ಕಾಲುಗಳನ್ನೆತ್ತಿ ಹೃದಯದ ಪ್ರತಿಕ್ರಿಯೆ ನೋಡುತ್ತಿದ್ದರು. ಬೆರಳ ತುದಿಯನ್ನು ಒತ್ತಿಬಿಟ್ಟು ಕೆಂಪು ಮರಳುವ ಸೆಕೆಂಡುಗಳನ್ನು ಎಣಿಸುತ್ತಿದ್ದರು. ರಕ್ತಸಂಚಾರವನ್ನು ಇಷ್ಟು ಸರಳವಾಗಿ ಅಳೆಯಬಹುದೆಂದು ನನಗೆ ತಿಳಿದಿರಲಿಲ್ಲ. ಮೂತ್ರಪಿಂಡಗಳ ಕೆಲಸಕ್ಕೆ ನೆರವಾಗಿ ಮಾಡುತ್ತಿದ್ದ ಡಯಾಲಿಸಿಸ್ 3 ದಿನಕ್ಕೆ ನಿಂತಿತು. ಕೊರತೆಯೊಂದಿದೆ: ಹೊರಗೆ ಕಾದಿದ್ದ ಅಮ್ಮನಿಗೆ ದಿನಕ್ಕೊಮ್ಮೆ ಮಾತ್ರ, ಅದೂ ಅವಸರದಲ್ಲಿ, ವಿಷಯ ತಿಳಿಸುತ್ತಿದ್ದರು.