ವಿಜಯಪುರ, ಜ್ಯೋತಿನಗರ, ಹಿರೇಮಗಳೂರು: ಚಿಕ್ಕಮಗಳೂರಿನಲ್ಲಿ ನಾವಿದ್ದ ಮೂರು ಬಾಡಿಗೆ ಮನೆ

ಕಳೆದ ಏಪ್ರಿಲ್‌ನಲ್ಲಿ ತಂಗಿ ಫೋನ್ ಮಾಡಿದಳು. "ಅಕ್ಕಾ, ಚಿಕ್ಕಮಗಳೂರು ಜಿಲ್ಲೆಗೇ ಟ್ರಾನ್ಸ್‌ಫರ್ ಆಯ್ತು. ನಿಮ್ಮೂರಲ್ಲಿ ಯಾವ ಏರಿಯಾದಲ್ಲಿ ಮನೆ ನೋಡ್ಲಿ?" ಅಂತ ಕೇಳಿದಳು. ಒಂದೇ ಮಾತಿನಲ್ಲಿ ಹೇಳೋಕೆ ನನಗೆ ಆಗಲಿಲ್ಲ. 2018ರಿಂದ ಈ ಊರಿನಲ್ಲಿ ಮೂರು ಕಡೆ ಬಾಡಿಗೆಗೆ ಇದ್ದೇವೆ. ಮೊದಲು ವಿಜಯಪುರ, ಆಮೇಲೆ ಜ್ಯೋತಿನಗರ, ಈಗ ಹಿರೇಮಗಳೂರು. ಮನೆಯಲ್ಲಿ ನಾನು, ಅತ್ತೆ, ಮಗಳು. ನಮ್ಮನೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಶನಿವಾರ ಬೆಳಗಿನ ಜಾವ ಬಂದು ಭಾನುವಾರ ರಾತ್ರಿ ಬಸ್ ಹತ್ತುತ್ತಾರೆ. ಮೂರೂ ಮನೆಯಲ್ಲಿ ಮಳೆಗಾಲ ಕಳೆದಿದ್ದೇವೆ. ನನ್ನ ಹೋಲಿಕೆಯೆಲ್ಲ ನಿಂತಿರೋದು ಅದರ ಮೇಲೆ. ಈ ಊರಿನಲ್ಲಿ ಮನೆ ಎಂಥದ್ದು ಅಂತ ಗೊತ್ತಾಗೋದು ಜುಲೈ ತಿಂಗಳಲ್ಲಿ.

ವಿಜಯಪುರದ ಮನೆ ಸಿಕ್ಕಿದ್ದು ಟೂಲೆಟ್ ಬೋರ್ಡ್ ನೋಡಿ. ಬ್ರೋಕರ್ ಇರಲಿಲ್ಲ. ಮೊದಲನೇ ಮಹಡಿ, ಎರಡು ರೂಮು, ಬಾಡಿಗೆ 6,500, ಅಡ್ವಾನ್ಸ್ 50 ಸಾವಿರ. ಪೇಟೆಯಲ್ಲಿ ಮನೆ ಇದ್ದರೆ ಎಷ್ಟು ಅನುಕೂಲ ಅಂತ ಅಲ್ಲಿ ಗೊತ್ತಾಯಿತು. ಎಂ.ಜಿ. ರಸ್ತೆಗೆ ನಡೆದೇ ಹೋಗಬಹುದು. ತರಕಾರಿ, ಔಷಧಿ, ಹಾಲು ಎಲ್ಲಾ ಕೂಗಳತೆಯಲ್ಲೇ. ನಮ್ಮನೆಯವರು ಬೆಳಗಿನ ನಾಲ್ಕೂವರೆಗೆ ಬಸ್ ಇಳಿದು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಡೆದುಕೊಂಡೇ ಬರುತ್ತಿದ್ದರು. ಗಣಪತಿ ಹಬ್ಬದಲ್ಲಿ ಬಾಲ್ಕನಿಯಲ್ಲಿ ನಿಂತರೆ ಮೆರವಣಿಗೆ ಕಾಣುತ್ತಿತ್ತು. ಅತ್ತೆ ಸಾಯಂಕಾಲದಿಂದಲೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು.

ಆದರೆ ಆ ಮನೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಮೂರು ಕಡೆ ಪಕ್ಕದ ಮನೆಗಳ ಗೋಡೆ. ಬೇಸಿಗೆಯಲ್ಲಿ ನೋಡಿದಾಗ "ಎಷ್ಟು ತಂಪಾಗಿದೆ" ಅಂತ ನಾನೇ ಖುಷಿಪಟ್ಟಿದ್ದೆ. ಜುಲೈ ಕೊನೆಯಲ್ಲಿ ಒಂದು ಮದುವೆಗೆ ಹೋಗೋಕೆ ಅಂತ ಬೀರು ತೆಗೆದೆ. ಅಮ್ಮ ಕೊಟ್ಟ ಮೈಸೂರು ಸಿಲ್ಕ್ ಸೀರೆಯ ಮಡಿಕೆ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು ಹಿಡಿದಿತ್ತು. ಪಕ್ಕದಲ್ಲಿ ಸುತ್ತಿಟ್ಟಿದ್ದ ಚರ್ಮದ ಬೆಲ್ಟ್ ಪೂರ್ತಿ ಹಸಿರು. ಬಟ್ಟೆ ಒಣಗಿಸೋ ಪಾಡಂತೂ ಕೇಳಬೇಡಿ. ಅಡುಗೆಮನೆಯಲ್ಲಿ ಹಗ್ಗ ಕಟ್ಟಿ, ಒಲೆಯ ಕಾವಿಗೆ ಮಗಳ ಯೂನಿಫಾರ್ಮ್ ಹರವಿ, ಬೆಳಿಗ್ಗೆ ಒದ್ದೆ ಬಟ್ಟೆಗೇ ಇಸ್ತ್ರಿ ಹಾಕಿ ಕಳಿಸಿದ್ದೇನೆ. ನೀರೂ ಕಷ್ಟವೇ. ಊರಿಗೆ ಯಗಚಿ ನೀರು, ಹಿರೇಕೊಳಲೆ ಕೆರೆ ನೀರು ಬರುತ್ತದೆ ನಿಜ. ಆದರೆ ನಮ್ಮ ಕಟ್ಟಡದಲ್ಲಿ ಮೂರು ಸಂಸಾರಕ್ಕೆ ಇದ್ದದ್ದು ಒಂದೇ ಸಣ್ಣ ಸಂಪು. ನಲ್ಲಿ ಬಿಡೋದು ಒಂದು ದಿನ ತಡವಾದರೂ ಮೇಲಿನವರಿಗೆ ಬಿಂದಿಗೆಯೇ ಗತಿ.

ಅಲ್ಲಿಂದ ನಾವಾಗಿ ಬಿಟ್ಟಿದ್ದಲ್ಲ, ಬಿಡಿಸಿದರು. 2019ರ ಕೊನೆಯಲ್ಲಿ ಓನರ್ ಮೇಲೆ ಬಂದು, "ಗಿರಿ ನೋಡೋಕೆ ಬರೋರಿಗೆ ದಿನದ ಬಾಡಿಗೆಗೆ ಕೊಡೋಣ ಅಂತಿದ್ದೀವಮ್ಮ. ಎರಡು ವೀಕೆಂಡಿಗೆ ನಿಮ್ಮ ತಿಂಗಳ ಬಾಡಿಗೆ ಬರುತ್ತೆ" ಅಂದರು. ಅವರ ಮನೆ, ಅವರ ಲೆಕ್ಕ. ನನಗೆ ನೋವಾಗಿದ್ದು ಆಮೇಲೆ. ಅಡ್ವಾನ್ಸ್ ವಾಪಸ್ ಕೊಡುವಾಗ ಗೋಡೆಯ ಬೂಷ್ಟಿನ ಕಲೆ ತೋರಿಸಿ, ಪೇಂಟಿಂಗ್ ಖರ್ಚು ಅಂತ 12 ಸಾವಿರ ಹಿಡಿದುಕೊಂಡರು. ಬಿಸಿಲಿಲ್ಲದ ಗೋಡೆಗೆ ಬೂಷ್ಟು ಬಂದರೆ ಬಾಡಿಗೆಯವರು ದಂಡ ಕಟ್ಟಬೇಕಾ? ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಮನೆಗೆ ಕಾಲಿಟ್ಟ ದಿನ ನಾವು ಫೋಟೋವನ್ನೂ ತೆಗೆದಿರಲಿಲ್ಲ. ಆಮೇಲಿನ ಎರಡೂ ಮನೆಗೆ ಸಾಮಾನು ಇಳಿಸುವ ಮೊದಲೇ ಪ್ರತಿ ಗೋಡೆ, ಪ್ರತಿ ನಲ್ಲಿ, ಮೀಟರ್ ರೀಡಿಂಗ್ ವಿಡಿಯೋ ಮಾಡಿ ಓನರ್ ವಾಟ್ಸಾಪಿಗೇ ಕಳಿಸಿದೆ.

ಜ್ಯೋತಿನಗರಕ್ಕೆ ಹೋಗಿದ್ದು 2020ರ ಫೆಬ್ರವರಿಯಲ್ಲಿ. ಹೊಸ ಕಟ್ಟಡ, ಮೂರನೇ ಮಹಡಿ, ಬಾಡಿಗೆ 8,000. ವಿಜಯಪುರದಲ್ಲಿ ಬಿಸಿಲಿಲ್ಲದೆ ಸಾಕಾಗಿದ್ದ ನಮಗೆ ಆ ಮನೆಯ ಬೆಳಕು ಕಂಡು ಮಾತೇ ಹೊರಡಲಿಲ್ಲ. ಪಶ್ಚಿಮಕ್ಕೆ ಖಾಲಿ ಸೈಟು. ಸಾಯಂಕಾಲದ ಬಿಸಿಲು ಹಾಲ್‌ನ ಒಳಗೇ ಬರುತ್ತಿತ್ತು. ಎ.ಐ.ಟಿ. ಇಂಜಿನಿಯರಿಂಗ್ ಕಾಲೇಜು ಇರೋದು ಇದೇ ಏರಿಯಾದಲ್ಲಿ. 1980ರಲ್ಲಿ ಶುರುವಾದ ಕಾಲೇಜು. ಸುತ್ತ ಪಿ.ಜಿ., ಹುಡುಗರ ರೂಮು, ಜೆರಾಕ್ಸ್ ಅಂಗಡಿ, ಸಂಜೆ ಗೋಬಿ ಗಾಡಿ ಎಲ್ಲಾ ಇವೆ. ನಾವು ಹೋದ ಮುಂದಿನ ತಿಂಗಳೇ ಲಾಕ್‌ಡೌನ್ ಆಗಿ ಹುಡುಗರೆಲ್ಲ ಊರಿಗೆ ಹೋದರು. ರಸ್ತೆ ನಿಶ್ಶಬ್ದವಾಯಿತು. ಆಗ ಅದೇ ಈ ಏರಿಯಾದ ಸ್ವಭಾವ ಅಂದುಕೊಂಡಿದ್ದೆವು.

ಮುಂಗಾರು ಬಂದ ಮೇಲೆ ಆ ಖಾಲಿ ಸೈಟಿನ ಬೆಲೆ ಗೊತ್ತಾಯಿತು. ಇಲ್ಲಿ ಮಳೆಗಾಳಿ ಬೀಸೋದು ಪಶ್ಚಿಮ, ನೈಋತ್ಯದಿಂದ. ಎದುರಿಗೆ ಮರವಿಲ್ಲ, ಮನೆಯಿಲ್ಲ, ಗೋಡೆಗೆ ಅಗಲವಾದ ಸಜ್ಜವೂ ಇಲ್ಲ. ನೀರು ಸೀದಾ ಗೋಡೆಗೇ ರಾಚುತ್ತಿತ್ತು. ಎರಡನೇ ವಾರಕ್ಕೆ ಮಂಚದ ಹಿಂದಿನ ಗೋಡೆಯಲ್ಲಿ ಅಂಗೈ ಅಗಲ ಕಪ್ಪು ಕಲೆ ಕಾಣಿಸಿತು. ತಿಂಗಳು ಕಳೆಯೋದರೊಳಗೆ ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತು. ಮಗಳು ಬೆರಳಲ್ಲಿ ಒತ್ತಿದರೆ ಪುಟ್ ಅಂತ ಒಡೆದು ಒಳಗಿಂದ ನೀರು ಇಳಿಯುತ್ತಿತ್ತು. ಮಂಚ ಎಳೆದು ರೂಮಿನ ನಡುವೆ ಹಾಕಿಕೊಂಡು ಮಲಗಿದೆವು. ಅತ್ತೆಗೆ ಆ ವರ್ಷ ಕೆಮ್ಮು ದೀಪಾವಳಿವರೆಗೂ ಬಿಡಲಿಲ್ಲ. ತಾರಸಿಗೆ ಶೀಟ್ ಹಾಕಿಸಿ ಅಂತ ಎರಡು ಸಲ ಕೇಳಿಕೊಂಡೆ. ಸೋಲಾರ್ ಪ್ಯಾನೆಲ್ ಇದೆ, ಆಗಲ್ಲ ಅಂದರು. ಆ ಸೋಲಾರ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಗುರು ಬೆಚ್ಚಗಿನ ನೀರೂ ಬರುತ್ತಿರಲಿಲ್ಲ.

ಆ ಮನೆಗೆ ಬೋರ್‌ವೆಲ್ ಇತ್ತು. ಆದ್ದರಿಂದ ನೀರಿಗೆ ಒಂದು ದಿನವೂ ಕೊರತೆಯಾಗಲಿಲ್ಲ, ಅದನ್ನ ಹೇಳಲೇಬೇಕು. ಗಡಸು ನೀರು, ಬೇಳೆ ಬೇಯೋದು ತಡ, ನಲ್ಲಿ ಬಾಯಿಗೆ ಬಿಳಿ ಕರೆ. ಆದರೂ ಮೇಲಿನ ಮಹಡಿಗೆ ಬಿಂದಿಗೆ ಹೊತ್ತು ತರೋದಕ್ಕಿಂತ ಅದೇ ವಾಸಿ.

ಕಾಲೇಜು ಮತ್ತೆ ಪೂರ್ತಿ ಶುರುವಾದಾಗ ಬಾಡಿಗೆಯೂ ಮೇಲೆ ಹೋಯಿತು. "ನಾಲ್ಕು ಹುಡುಗರು ಸೇರಿದ್ರೆ ತಲೆಗೆ ಮೂರರಂತೆ 12 ಸಾವಿರ ಕೊಡ್ತಾರೆ. ನೀವು 10 ಆದ್ರೂ ಕೊಡಿ" ಅಂದರು ಓನರ್. ಕಾಲೇಜಿನ ಹತ್ತಿರ ಮನೆ ನೋಡುವ ಸಂಸಾರಸ್ಥರು ಇದನ್ನ ಮೊದಲೇ ಲೆಕ್ಕಕ್ಕೆ ತಗೋಬೇಕು. ಅಲ್ಲಿ ಬಾಡಿಗೆ ನಿರ್ಧಾರ ಆಗೋದು ರೂಮಿಗಲ್ಲ, ತಲೆಗೆ.

2022ರಲ್ಲಿ ಮತ್ತೆ ಹುಡುಕಾಟ. ಕಲ್ಯಾಣನಗರದಲ್ಲಿ ಒಂದು ಚಂದದ ಮನೆ ಭೋಗ್ಯಕ್ಕೆ ಸಿಕ್ಕಿತ್ತು. 6 ಲಕ್ಷ, ಮೂರು ವರ್ಷ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಅಸಲು ವಾಪಸ್. ನಮ್ಮನೆಯವರಿಗೆ ಬಹಳ ಆಸೆ ಇತ್ತು. ಬ್ರೋಕರ್ "ಸ್ಟಾಂಪ್ ಪೇಪರ್ ಮೇಲೆ ಬರ್ಕೊಂಡ್ರೆ ಸಾಕು, ರಿಜಿಸ್ಟ್ರೇಷನ್ ಎಲ್ಲ ಯಾಕೆ?" ಅಂದ. ಅಲ್ಲೇ ನನಗೆ ಅನುಮಾನ ಬಂತು. ಭೋಗ್ಯ ಅಂದ್ರೆ ಕಾನೂನಿನ ಪ್ರಕಾರ ಒಂದು ಥರ ಅಡಮಾನ. 100 ರೂಪಾಯಿ ಮೀರಿದರೆ ನೋಂದಣಿ ಆಗಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸೋ ಪತ್ರ) ತೆಗೆಸಿ ನೋಡಿದರೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇತ್ತು. ಸಾಲ ಕಟ್ಟದೆ ಬ್ಯಾಂಕ್ ಮನೆ ಹರಾಜಿಗಿಟ್ಟರೆ ನಮ್ಮ 6 ಲಕ್ಷದ ಗತಿ ಏನು? ಬೇಡ ಅಂತ ಬಿಟ್ಟೆವು. ಭೋಗ್ಯ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಕೈಯಲ್ಲಿ ದುಡ್ಡಿದ್ದು, ಇ.ಸಿ. ಕ್ಲೀನ್ ಇದ್ದು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓನರ್ ಬರೋಕೆ ಒಪ್ಪಿದರೆ ಒಳ್ಳೆಯದೇ.

ಅದೇ ಹುಡುಕಾಟದಲ್ಲಿ ಮೂರು ಕಡೆ ಬಾಗಿಲಲ್ಲೇ "ನೀವು ಯಾವ ಪೈಕಿ?" ಅಂತ ಕೇಳಿದರು. ರೂಮು ಎಷ್ಟು, ನೀರು ಹೇಗೆ ಅನ್ನೋ ಮಾತು ಬರೋ ಮೊದಲೇ ಈ ಪ್ರಶ್ನೆ. ಅತ್ತೆಯನ್ನ ಜೊತೆಗೆ ಕರೆದುಕೊಂಡು ಹೋಗಿದ್ದ ದಿನ ಅದು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಇದು ತಪ್ಪು ಅಂತ ನಾನು ಗಟ್ಟಿಯಾಗಿಯೇ ಹೇಳ್ತೇನೆ.

ಹಿರೇಮಗಳೂರಿನ ಮನೆ ನೋಡೋಕೆ ಚೆನ್ನಾಗಿಲ್ಲ. ಹಳೇ ಮನೆ, ಮುಂದೆ ಹೆಂಚು, ಹಿಂದೆ ಆರ್‌ಸಿಸಿ, ಅದರ ಮೇಲೆ ಶೀಟು. ನೆಲ ರೆಡ್ ಆಕ್ಸೈಡ್. ಬಾಡಿಗೆ 7,500, ವರ್ಷಕ್ಕೆ ಶೇ 5 ಜಾಸ್ತಿ ಅಂತ ಕರಾರಿನಲ್ಲೇ ಬರೆದಿದೆ. ಎಲ್ಲರ ಹಾಗೆ ನಮ್ಮದೂ 11 ತಿಂಗಳ ಅಗ್ರಿಮೆಂಟ್. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಈ ಹನ್ನೊಂದರ ಲೆಕ್ಕ. ಈ ಸಲ ಪೇಂಟಿಂಗ್, ನೋಟಿಸ್ ಅವಧಿ, ಅಡ್ವಾನ್ಸ್ ವಾಪಸ್ ಕೊಡುವ ದಿನ, ಮೂರನ್ನೂ ಬರೆಸಿದೆ. ಓನರ್ ಅಜ್ಜಿ ಓದಿಸಿಕೊಂಡು ಕೇಳಿ, "ಬರೀರಿ ಬರೀರಿ, ಬರೆದಿದ್ರೆ ಇಬ್ರಿಗೂ ಒಳ್ಳೇದು" ಅಂದರು.

ನಾಲ್ಕು ಮಳೆಗಾಲ ಆಯಿತು, ಗೋಡೆ ಬೆವರಿಲ್ಲ. ಪಶ್ಚಿಮಕ್ಕೆ ಹಲಸಿನ ಮರ, ಅದರಾಚೆ ಪಕ್ಕದ ಮನೆ. ಮಾಡು ಮೂರಡಿ ಹೊರಗೆ ಚಾಚಿದೆ. ಹಳೇ ಕಾಲದವರು ಮಳೆ ನೋಡಿ ಕಟ್ಟಿದ ಮನೆ ಅದು. ಶೀಟಿನ ಕೆಳಗೆ ನಾಲ್ಕು ಹಗ್ಗ ಕಟ್ಟಿದ್ದೇವೆ. ಜುಲೈನಲ್ಲೂ ಎರಡು ದಿನಕ್ಕೆ ಬಟ್ಟೆ ಒಣಗುತ್ತದೆ. ರಾತ್ರಿ ಜೋರು ಮಳೆ ಬಂದರೆ ಮಾತ್ರ ಶೀಟಿನ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸೋದಿಲ್ಲ. ಬಚ್ಚಲಲ್ಲಿ ಹಂಡೆ ಒಲೆ ಇದೆ. ಸಿಲ್ವರ್ ಓಕ್ ಸೌದೆ, ಕಾಫಿ ಗಿಡದ ಬೇರು ಹಾಕಿದರೆ ಬೆಳಗಿನ ಬೆಂಕಿ ಮಧ್ಯಾಹ್ನದವರೆಗೂ ಕೆಂಡವಾಗಿರುತ್ತದೆ. ಜ್ಯೋತಿನಗರದಲ್ಲಿ 2,000 ವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಹಾಕುತ್ತಿದ್ದೆವು. ಅಂದ್ರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಅಷ್ಟೂ ಇಲ್ಲಿ ಉಳಿಯಿತು.

ದೇವಸ್ಥಾನದ ವಿಷಯ ಹೇಳದೆ ಹಿರೇಮಗಳೂರಿನ ಮಾತು ಮುಗಿಸೋಕೆ ಆಗಲ್ಲ. ಕೋದಂಡರಾಮನ ಗುಡಿಯಲ್ಲಿ ಪೂಜೆ ಕನ್ನಡದಲ್ಲಿ ನಡೆಯುತ್ತದೆ. ಅತ್ತೆಗೆ ಓದು ಬರೋದಿಲ್ಲ. "ದೇವರಿಗೆ ಏನು ಹೇಳ್ತಿದ್ದಾರೆ ಅಂತ ನನಗೂ ತಿಳಿಯುತ್ತೆ" ಅಂತ ಮೊದಲ ವಾರವೇ ಹೇಳಿದರು. ಆಮೇಲೆ ಮನೆ ಬದಲಾಯಿಸೋ ಮಾತು ಅವರ ಬಾಯಲ್ಲಿ ಬಂದಿಲ್ಲ.

ದೂರವೇ ಇಲ್ಲಿಯ ಕೊರತೆ. ಬಸ್ ಸ್ಟ್ಯಾಂಡಿನಿಂದ ಬೆಳಗಿನ ಜಾವ ಆಟೋದವರು ಕೇಳಿದಷ್ಟು ಕೊಡಬೇಕು. 2013ರಲ್ಲಿ ಊರಿಗೆ ರೈಲು ಬಂದಿದೆ, ಸ್ಟೇಷನ್ ನಮ್ಮ ಕಡೆಗೇ ಹತ್ತಿರ. ಆದರೆ ನಮ್ಮನೆಯವರ ಶಿಫ್ಟಿಗೆ ಬಸ್ಸೇ ಹೊಂದೋದು. ಮಗಳ ಟ್ಯೂಷನ್, ಅತ್ತೆಯ ಆಸ್ಪತ್ರೆ ಎಲ್ಲದಕ್ಕೂ ಸ್ಕೂಟರ್ ತೆಗೆಯಬೇಕು. ತಿಂಗಳಿಗೆ ಆಟೋ, ಪೆಟ್ರೋಲ್ ಸೇರಿ 1,500 ಆಗುತ್ತದೆ. ಬಾಡಿಗೆ ಕಡಿಮೆ ಅಂತ ನೋಡುವವರು ಇದನ್ನೂ ಸೇರಿಸಿ ನೋಡಿ. ಆಗ ವಿಜಯಪುರಕ್ಕೂ ಇದಕ್ಕೂ ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಉಳಿಯೋದಿಲ್ಲ.

ಇಷ್ಟನ್ನೂ ತಂಗಿಗೆ ಹೇಳಿದೆ. ಜುಲೈನಲ್ಲಿ ಬಂದು ನೋಡು ಅಂದೆ. ಆದರೆ ಮನೆ ಖಾಲಿಯಾಗೋದು ಏಪ್ರಿಲ್, ಮೇ ತಿಂಗಳಲ್ಲಿ, ಪರೀಕ್ಷೆ ಮುಗಿದ ಮೇಲೆ. ತೋಟದ ಕಡೆಯವರು ಮಕ್ಕಳ ಸ್ಕೂಲಿಗೆ ಅಂತ ಪೇಟೆಯಲ್ಲಿ ಮನೆ ಹಿಡಿಯೋದೂ ಆಗಲೇ. ಮಳೆಗಾಲದವರೆಗೆ ಕಾದರೆ ಒಳ್ಳೆಯದು ಉಳಿದಿರೋದಿಲ್ಲ. ಬೇಸಿಗೆಯಲ್ಲಿ ನೋಡೋಣ ಅಂದರೆ ಅಷ್ಟು ಹೊತ್ತಿಗೆ ಓನರ್‌ಗಳು ಸುಣ್ಣಬಣ್ಣ ಮಾಡಿಸಿ ಕಲೆ ಮುಚ್ಚಿಸಿರುತ್ತಾರೆ. ಹಾಗಾಗಿ ಬೇಸಿಗೆಯಲ್ಲೇ ಮಳೆಗಾಲದ ಗುರುತು ಹುಡುಕಬೇಕು. ಗೋಡೆಗೆ ಹೊಂದಿಸಿದ ಕಪಾಟಿನ ಒಳಗೆ ಯಾರೂ ಬಣ್ಣ ಹೊಡೆಸೋದಿಲ್ಲ. ಬಾಗಿಲು ತೆಗೆದು ಮುಖ ಒಳಗೆ ಹಾಕಿ ಮೂಸಿ ನೋಡಿದರೆ ಹೋದ ವರ್ಷದ ಮುಗ್ಗಲು ವಾಸನೆ ಇದ್ದೇ ಇರುತ್ತದೆ. ಪಶ್ಚಿಮದ ಗೋಡೆಯನ್ನ ಹೊರಗಿಂದ ನೋಡಿದರೆ ಒಣಗಿದ ಪಾಚಿ ಕಪ್ಪಾಗಿ ಕಾಣುತ್ತದೆ. ಪಕ್ಕದ ಮನೆಯವರನ್ನ ನೀರು ಎಷ್ಟು ದಿನಕ್ಕೊಮ್ಮೆ ಅಂತ ಕೇಳಿ, ಓನರ್‌ನಲ್ಲ.

ಮೇ ಮೊದಲ ವಾರ ಅವಳು ಬಂದಳು. ಇಬ್ಬರೂ ಸ್ಕೂಟರ್‌ನಲ್ಲಿ ಎರಡು ದಿನ ಸುತ್ತಿದೆವು. ನಮ್ಮ ಬೀದಿಯಲ್ಲೇ ಒಂದು ಮನೆ ಇತ್ತು, ಅದನ್ನೇ ಹಿಡಿ ಅಂತ ನನ್ನ ಆಸೆ. ಅವಳು ಹಿಡಿದಿದ್ದು ವಿಜಯಪುರದಲ್ಲಿ. "ಅಕ್ಕಾ, ನಾನು ದಿನಾ ಬೆಳಿಗ್ಗೆ ಆರೂಕಾಲಿಗೆ ಮೂಡಿಗೆರೆ ಬಸ್ ಹತ್ತಬೇಕು. ಒಬ್ಬಳೇ ಇರೋದು. ಕತ್ತಲಲ್ಲಿ ಆಟೋಗೆ ಕಾಯೋದಕ್ಕಿಂತ ಬೂಷ್ಟೇ ವಾಸಿ" ಅಂದಳು. ಅವಳ ಮಾತು ಸರಿ. ಮಹಡಿ ಮನೆ, ಪೂರ್ವಕ್ಕೆ ಒಂದು ಕಿಟಕಿ, ಅವಳಿಗೇ ಅಂತ ಬೇರೆ ಸಿಂಟೆಕ್ಸ್ ಟ್ಯಾಂಕ್, ಬಾಡಿಗೆ 8,500. ಗೃಹಜ್ಯೋತಿಗೆ ಆ ಮೀಟರಿನ ಆರ್.ಆರ್. ನಂಬರ್ ಹಾಕಿದರೆ ಹಳೇ ಬಾಡಿಗೆಯವರ ಆಧಾರ್ ಇನ್ನೂ ಅದಕ್ಕೇ ಸೇರಿಕೊಂಡಿತ್ತು. ಅವರಿಗೆ ಫೋನ್ ಮಾಡಿ ಡೀಲಿಂಕ್ ಮಾಡಿಸಿದ ಮೇಲೆಯೇ ಅಡ್ವಾನ್ಸ್ ಕೊಟ್ಟಳು. ರೇಷ್ಮೆ ಸೀರೆಗಳನ್ನ ಮಾತ್ರ ನನ್ನ ಬೀರುವಿನಲ್ಲಿ ಇಟ್ಟು ಹೋಗಿದ್ದಾಳೆ.